ಮಕ್ಕಳಿರುವ ಮನೆಗೆ ಹೆಡ್‌ಫೋನ್: ಮೊದಲು ವೈರು ಕಳಚಿ ಬರುತ್ತದಾ ನೋಡಿ

ಮಕ್ಕಳ ಕೈಯಲ್ಲಿ ಕೆಡದೇ ಉಳಿಯುವ ಹೆಡ್‌ಫೋನ್ ಹುಡುಕಿ ಪ್ರಯೋಜನವಿಲ್ಲ. ಕೆಟ್ಟ ಭಾಗವನ್ನು ಮನೆಯಲ್ಲೇ ಬದಲಾಯಿಸಲು ಬರುವಂಥದ್ದನ್ನು ಹುಡುಕಿ. ಬಾಳಿಕೆ ಅಂದರೆ ನನ್ನ ಪ್ರಕಾರ ಇದೇ.

ವೈರಿನ ಹೆಡ್‌ಫೋನ್ ಹೆಚ್ಚಾಗಿ ಕೈಕೊಡುವುದು ಎರಡು ಕಡೆ: ಪಿನ್ನಿನ ಬುಡದಲ್ಲಿ, ಮತ್ತು ವೈರು ಕಿವಿಯ ಕಪ್ ಸೇರುವ ಜಾಗದಲ್ಲಿ. ಒಳಗಿನ ತಾಮ್ರದ ಎಳೆಗಳು ಬಹಳ ತೆಳು. ಒಂದೇ ಕಡೆ ಮತ್ತೆ ಮತ್ತೆ ಮಡಚಿದರೆ ಒಂದೊಂದಾಗಿ ತುಂಡಾಗುತ್ತವೆ, ಹೊರಗಿನ ರಬ್ಬರ್ ಮಾತ್ರ ಹೊಸದರಂತೆಯೇ ಕಾಣುತ್ತಿರುತ್ತದೆ. "ಒಂದು ಕಡೆ ಕೇಳಿಸ್ತಿಲ್ಲ" ಅಂತ ಮಗು ಬಂದರೆ ಹಾಡು ಹಾಕಿ, ಪಿನ್ನಿನ ಬುಡವನ್ನು ಮೆಲ್ಲಗೆ ಅಲುಗಾಡಿಸಿ. ಕರಕರ ಅಂತ ಸದ್ದು ಬಂದು ಹೋಗುತ್ತಿದ್ದರೆ ಬಹುಮಟ್ಟಿಗೆ ವೈರೇ ಹೋಗಿದೆ, ಸ್ಪೀಕರ್ ಅಲ್ಲ. ಫೋನಿನ ಜಾಕ್‌ಗೂ ಟಾರ್ಚ್ ಬಿಟ್ಟು ನೋಡಿ. ಜೇಬಿನ ನೂಲು, ಧೂಳು ತಳದಲ್ಲಿ ಗಟ್ಟಿಯಾಗಿ ಕೂತು ಪಿನ್ ಪೂರ್ತಿ ಒಳಹೋಗದಿದ್ದರೂ ಹೀಗೇ ಆಗುತ್ತದೆ. ಫೋನ್ ಆಫ್ ಮಾಡಿ ಮರದ ಟೂತ್‌ಪಿಕ್‌ನಿಂದ ಹಗುರವಾಗಿ ತೆಗೆಯಿರಿ, ಸೂಜಿ ಹಾಕಬೇಡಿ.

ಆದ್ದರಿಂದ ಕಳಚಲು ಬರುವ ವೈರಿನದ್ದನ್ನೇ ಕೊಳ್ಳಿ, ಎರಡೂ ತುದಿಗೆ 3.5 ಮಿ.ಮೀ. ಪಿನ್ ಇದ್ದರೆ ಉತ್ತಮ. ಕೆಲವದರಲ್ಲಿ ಕಪ್‌ನ ಕಡೆ 2.5 ಮಿ.ಮೀ. ಪಿನ್ನೋ ತಿರುಗಿಸಿ ಲಾಕ್ ಮಾಡುವ ಪಿನ್ನೋ ಇರುತ್ತದೆ. ಅದಕ್ಕೆ ಸಾಮಾನ್ಯ ವೈರು ಕೂರುವುದಿಲ್ಲ. ಲಾಕ್ ಇಲ್ಲದ, ಕಳಚುವ ವೈರಿಗೆ ಯಾರಾದರೂ ಎಡವಿದರೆ ಅದು ಕಿತ್ತು ಬರುತ್ತದೆ, ಟ್ಯಾಬ್ ಎಳೆದುಕೊಂಡು ಬೀಳುವ ಸಂಭವ ಕಡಿಮೆ.

ಇಲ್ಲೊಂದು ಎಚ್ಚರಿಕೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಮಕ್ಕಳ ಹೆಡ್‌ಫೋನ್‌ನಲ್ಲಿ ಸದ್ದು ತಗ್ಗಿಸುವ ರೆಸಿಸ್ಟರ್ ಕೆಲವೊಮ್ಮೆ ವೈರಿನೊಳಗೇ ಇರುತ್ತದೆ. ಬೇರೆ ವೈರು ಹಾಕಿದಿರೋ, ಸದ್ದಿನ ಮಿತಿ ಹೋಯಿತು. ಸದ್ದು ಇದನ್ನು ಮೀರದು ಅಂತ ಡಬ್ಬಿಯ ಮೇಲೆ ಹಾಕಿರುವ "85 ಡೆಸಿಬಲ್" ಅನ್ನುವುದನ್ನೂ ಪೂರ್ತಿ ನಂಬಿ ಕೂರಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳುವ ಮಿತಿ 75 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು 3 ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ 85ಕ್ಕೆ ವಾರವಿಡೀ ಸೇರಿ ಸಿಗುವುದು ಸುಮಾರು 4 ಗಂಟೆ. ಫೋನಿನ ಸೆಟ್ಟಿಂಗ್‌ನಲ್ಲೂ ವಾಲ್ಯೂಮ್ ಮಿತಿ ಹಾಕಿ. ಕಿವಿ ಪೂರ್ತಿ ಮುಚ್ಚುವ ಕಪ್ ಇದ್ದರೆ ಹೊರಗಿನ ಗದ್ದಲ ಕಡಿಮೆಯಾಗಿ, ಮಗು ತಾನಾಗಿಯೇ ಕಡಿಮೆ ಸದ್ದಿಗೆ ಒಗ್ಗುತ್ತದೆ.

ಮಡಚುವ ಮಾದರಿಯಾದರೆ ಕೀಲಿನ ಹತ್ತಿರ ಬರೀ ಪ್ಲಾಸ್ಟಿಕ್ ಇದೆಯೋ ಲೋಹದ ಪಟ್ಟಿಯೂ ಇದೆಯೋ ನೋಡಿ. ಬಿರುಕು ಬಿಡುವುದು ಅಲ್ಲೇ. ಕೃತಕ ಚರ್ಮದ ಕುಶನ್ ಬೆವರಿಗೆ ಸಿಪ್ಪೆ ಏಳುತ್ತದೆ, ಬದಲಿ ಕುಶನ್ ಸಿಗುತ್ತದಾ ಅಂತ ಕೊಳ್ಳುವ ಮೊದಲೇ ವಿಚಾರಿಸಿ.

ವೈರಿಲ್ಲದ ಪುಟ್ಟ ಇಯರ್‌ಬಡ್‌ಗಳನ್ನು ಚಿಕ್ಕ ಮಕ್ಕಳಿಗೆ ನಾನಂತೂ ಬೇಡವೆನ್ನುತ್ತೇನೆ. ಹೆಚ್ಚಿನವುಗಳಲ್ಲಿ ಬ್ಯಾಟರಿಯನ್ನು ಅಂಟಿಸಿ ಮುಚ್ಚಿರುತ್ತಾರೆ, ಅದು ಸೋತರೆ ಬಡ್ಡೇ ಕಸ. ನೀರು ತಡೆಯುವ ಮಟ್ಟ ಹೇಳುವ ಐಪಿಎಕ್ಸ್4 ಗುರುತು ಅಂದರೆ ನೀರು ಸಿಡಿದರೆ ತಡೆಯುತ್ತದೆ ಅಷ್ಟೇ, ಅದೂ ಬಡ್‌ಗೆ. ಚಾರ್ಜ್ ಮಾಡುವ ಕೇಸಿಗೆ ಆ ಮಾತು ಅನ್ವಯಿಸದಿರಬಹುದು. ದೊಡ್ಡ ಮಕ್ಕಳ ಬಡ್‌ನಲ್ಲಿ ಒಂದು ಕಡೆ ಸದ್ದು ಕುಗ್ಗಿದರೆ ಹೆಚ್ಚಾಗಿ ಜಾಲರಿಗೆ ಗುಗ್ಗೆ ಕಟ್ಟಿರುತ್ತದೆ. ಸಿಲಿಕೋನ್ ತುದಿ ತೆಗೆದು, ಜಾಲರಿ ಕೆಳಮುಖ ಹಿಡಿದು, ಒಣ ಮೃದು ಬ್ರಷ್‌ನಿಂದ ಉಜ್ಜಿ. ನೀರು ತಾಕಿಸಬೇಡಿ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಬಡ್ಡನ್ನೂ ಕಳಚಿದ ತುದಿಯನ್ನೂ ಕೈಗೆಟುಕದಂತೆ ಇಡಿ: ತುದಿ ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ಚಿಕ್ಕದು, ಬಡ್‌ನೊಳಗೆ ಲಿಥಿಯಂ ಬ್ಯಾಟರಿ ಇದೆ.