ಸ್ಟೂಲಿನ ಅಡಿಗೆ ಒಮ್ಮೆ ಕೈ ಹಾಕಿ ನೋಡಿ

ನಿನ್ನೆ ಸಂಜೆ ಅಕ್ಕನ ಮಗ ಇಂದಿರಾನಗರದ ಹೊಸ ಬ್ರೂವರಿಯೊಂದಕ್ಕೆ ಎಳ್ಕೊಂಡು ಹೋಗಿದ್ದ. (ಹೆಸರು ಹೇಳಲ್ಲ, ಕಾಮೆಂಟಲ್ಲಿ ಕೇಳಬೇಡಿ.) ಕೌಂಟರ್ ಮುಂದೆ ಸಾಲಾಗಿ ಬಾರ್ ಸ್ಟೂಲುಗಳು, ಕಪ್ಪಗೆ ಮಿರಿಮಿರಿ ಮಿಂಚ್ತಿದ್ವು. "ಕಾಂಪೋಸಿಟ್ ಮಾಮ, ವಿಮಾನಕ್ಕೆ ಹಾಕೋ ಮೆಟೀರಿಯಲ್ಲು" ಅಂದ. ಪೀಣ್ಯದಲ್ಲಿ ಅರ್ಧ ಆಯಸ್ಸು ಫೈಬರ್ ಕೆಲಸದಲ್ಲೇ ಸವೆಸಿದವನಿಗೆ ಪಾಠ! ಕಾಂಪೋಸಿಟ್ ಅಂದ್ರೆ ಎಳೆಗಳನ್ನ ಅಂಟಲ್ಲಿ ಸೇರಿಸಿ ಗಟ್ಟಿ ಮಾಡಿದ ಮಾಲು. ಬೋಯಿಂಗ್ 787 ವಿಮಾನದ ತೂಕದಲ್ಲಿ ಸುಮಾರು ಅರ್ಧ ಅದೇ, ಒಪ್ಪಿದೆ. ಅದು ಕಾರ್ಬನ್ ಫೈಬರ್ರು, ಆಟೋಕ್ಲೇವಲ್ಲಿ, ಅಂದ್ರೆ ಒತ್ತಡ ಹಾಕಿ ಬೇಯಿಸೋ ದೊಡ್ಡ ಒಲೆಯಲ್ಲಿ, ಬೆಂದು ಬಂದಿದ್ದು. ಇದು ನಮ್ಮ ಗ್ಲಾಸ್ ಮ್ಯಾಟು (ಗಾಜಿನ ಎಳೆಗಳ ಹಾಸು), ಅದನ್ನ ಹಿಡಿದಿಡೋ ಅಂಟು ಪಾಲಿಯೆಸ್ಟರ್ ರೆಸಿನ್ನು.

ಕೂರೋ ಮುಂಚೆ ಸೀಟಿನ ಅಡಿಗೆ ಕೈ ಹಾಕಿದೆ. ಚುಚ್ಚಿತು.

ಕೈಯಲ್ಲಿ ಮಾಡೋ ಫೈಬರ್ ಮಾಲಿಗೆ ಅಚ್ಚು ಒಂದೇ ಕಡೆ. ಅಚ್ಚಿಗೆ ವ್ಯಾಕ್ಸ್ ಹಚ್ಚಿ, ಜೆಲ್ ಕೋಟ್ (ಹೊಳಪು ಕೊಡೋ ಹೊರಪದರ) ಹೊಡೆದು, ಮೇಲೆ ಮ್ಯಾಟ್ ಹಾಸಿ, ರೆಸಿನ್ ಕುಡಿಸಿ, ಗಾಳಿಗುಳ್ಳೆ ಹೋಗೋ ಹಾಗೆ ರೋಲರ್ ಎಳೀತೀವಿ. ಅಚ್ಚಿಗೆ ತಾಗಿದ ಮೈ ಕನ್ನಡಿ, ನಮ್ಮ ಕಡೆಯದು ಒರಟು. ಆ ಒರಟನ್ನ ಉಜ್ಜಿ, ಅಂಚು ಗ್ರೈಂಡ್ ಮಾಡಿ, ಇನ್ನೊಂದು ಕೋಟ್ ರೆಸಿನ್ ಬಳಿದರೇನೇ ಕೆಲಸ ಮುಗೀತು ಅಂತ. ಇಲ್ಲಿ ಮುಗಿಸೇ ಇಲ್ಲ. ಗಾಜಿನ ಎಳೆಗಳು ಹಾಗೇ ಎದ್ದು ನಿಂತಿವೆ.

"ಅಡಿ ಯಾರು ನೋಡ್ತಾರೆ ಸಾರ್?" ಅಂದ ಮ್ಯಾನೇಜರ್ ಹುಡುಗ. ಯಾರೂ ನೋಡಲ್ಲಪ್ಪಾ, ಮುಟ್ತಾರೆ! ಊಟದ ಕುರ್ಚಿಯಾದ್ರೆ ಬೇರೆ ಮಾತು. ಬಾರ್ ಸ್ಟೂಲು ಅಂದ್ರೆ ಹೆಚ್ಚುಕಮ್ಮಿ 30 ಇಂಚು ಎತ್ತರ. ಹತ್ತಬೇಕಾದ್ರೂ ಕೈ ಅಂಚಿನ ಕೆಳಗೇ ಹೋಗುತ್ತೆ, ಮುಂದಕ್ಕೆ ಎಳ್ಕೋಬೇಕಾದ್ರೂ ಅಲ್ಲಿಗೇ. ಪಕ್ಕದ ಹುಡುಗಿಯ ದುಪಟ್ಟಾ ಅಲ್ಲೇ ಸಿಕ್ಕಿಕೊಂಡಿತ್ತು.

ರೇಟ್ ಇಳಿಸ್ಬೇಕಲ್ಲ, ಅಡಿ ಫಿನಿಶಿಂಗ್ ಬಿಡ್ತಾರೆ ಅಂತಾನೆ ನಮ್ಮ ಹಳೇ ಯೂನಿಟ್ಟಿನ ಗೆಳೆಯ. ಆಯ್ತು. ಉಳಿಸಿದ ದುಡ್ಡು ಗಿರಾಕಿಗೆ ಎಲ್ಲಿ ಬಂತು? ಅಲ್ಲಿನ ಒಂದು ಮಗ್ ಬಿಯರಿನ ಬಿಲ್ಲಲ್ಲಿ ಒಂದು ಸಾಲು ಸ್ಟೂಲಿನ ಅಡಿ ಉಜ್ಜಿಸಬಹುದು.

ಹಾಗಂತ ಫೈಬರ್ ಅನ್ನ ಬೈದ್ರೆ ನಾನು ಜಗಳಕ್ಕೆ ಬರ್ತೀನಿ. 1950ರಲ್ಲೇ ಅಮೆರಿಕದ ಡಿಸೈನರ್ ಜೋಡಿ ಈಮ್ಸ್ ದಂಪತಿಯ ಫೈಬರ್ ಕುರ್ಚಿ ಮಾರುಕಟ್ಟೆಗೆ ಬಂತು. ಎರಡೂ ಕಡೆ ಲೋಹದ ಅಚ್ಚಿಟ್ಟು ಪ್ರೆಸ್ಸಲ್ಲಿ ಒತ್ತಿದ್ದು. ಮೊದಮೊದಲ ಕುರ್ಚಿಗಳ ಅಂಚಿನೊಳಗೆ ಹಗ್ಗ ಕೂರಿಸಿದ್ರು, ಅಂಚಿನ ಮೇಲೆ ಅಷ್ಟು ಗಮನ. ಅದೇ ಜೋಡಿ 1958ರಲ್ಲಿ ನಮ್ಮ ಸರ್ಕಾರಕ್ಕೆ ಬರೆದುಕೊಟ್ಟ ವರದಿಯಲ್ಲಿ ನಮ್ಮ ಲೋಟಾ (ನೀರಿನ ಚೊಂಬು) ಕೈಗೆ, ಸೊಂಟಕ್ಕೆ ಹೇಗೆ ಕೂರುತ್ತೆ ಅಂತೆಲ್ಲಾ ಚಿಂತಿಸಿದ್ರು.

ಇಷ್ಟು ಉರಿ ಯಾಕೆ ಅಂದ್ರೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಡಿ ಉಜ್ಜೋ ಪಾಳಿ ನನ್ನದೇ. ಎಷ್ಟು ತೊಳೆದ್ರೂ ಕುತ್ತಿಗೆ, ಮೊಣಕೈ ತುರಿಕೆ ಹೋಗ್ತಿರಲಿಲ್ಲ. ಅಮ್ಮ ನನ್ನ ಬಟ್ಟೆಗೇ ಅಂತ ಬೇರೆ ಬಕೆಟ್ ಇಟ್ಟಿದ್ಲು. ಗಿರಾಕಿಗೆ ಚುಚ್ಚಬಾರದು ಅಂತ ನಾವು ತುರಿಸ್ಕೊಂಡ್ವಿ ಸ್ವಾಮಿ.

ಇಷ್ಟೆಲ್ಲಾ ಆ ಮ್ಯಾನೇಜರಿಗೂ ಹೇಳಿದೆ. ಪಾಪ, ತಲೆಯಾಡಿಸ್ತಾ ಕೇಳಿಸ್ಕೊಂಡ. ಕೊನೆಗೆ, "ಸರಿ ಸಾರ್, ಎಲ್ಲಾದಕ್ಕೂ ಕುಶನ್ ಹಾಕಿಸಿಬಿಡ್ತೀವಿ" ಅಂದ.

ಕುಶನ್ನು. ಮೇಲೆ!