ಟೀ ವಿಷ್ಯದಲ್ಲಿ ಕೆಫೀನ್ ಮೇಲೆ ಗೂಬೆ ಕೂರಿಸ್ಬೇಡಿ

ಕೆಫೀನ್ ಇದ್ರೆ ಟೀಲಿರೋ ಆಂಟಿಆಕ್ಸಿಡೆಂಟ್ ಮೈಗೆ ಹತ್ತಲ್ಲ ಅಂತ ನಂಬ್ಕೊಂಡು ಎಷ್ಟೋ ಜನ ದುಬಾರಿ ಡಿಕ್ಯಾಫ್, ಅಂದ್ರೆ ಕೆಫೀನ್ ತೆಗೆದ ಗ್ರೀನ್ ಟೀ ತರಿಸ್ತಿದ್ದಾರೆ, ನೋಡಿ ಬೇಜಾರಾಗುತ್ತೆ.

ಕೆಫೀನ್ ಅದಕ್ಕೆ ಅಡ್ಡ ಬರಲ್ಲ. ಗ್ರೀನ್ ಟೀಲಿರೋ ಆ ಆಂಟಿಆಕ್ಸಿಡೆಂಟ್‌ಗಳಿಗೆ ಕ್ಯಾಟೆಕಿನ್ ಅಂತಾರೆ, ಅವುಗಳ ಕಷ್ಟನೇ ಬೇರೆ, ಅದ್ರಲ್ಲಿ ಮುಖ್ಯವಾದ ಇಜಿಸಿಜಿ ಅನ್ನೋದು ಹೊಟ್ಟೆಯ ಆಸಿಡ್‌ನಲ್ಲಿ ಹೇಗೋ ತಡ್ಕೊಳ್ಳುತ್ತೆ, ಆದ್ರೆ ಸಣ್ಣ ಕರುಳಿಗೆ ಇಳಿದು ಆಸಿಡ್ ಕಮ್ಮಿ ಆಗ್ತಿದ್ದ ಹಾಗೇ ಕೆಟ್ಟುಹೋಗೋಕೆ ಶುರುವಾಗುತ್ತೆ, ಕೊನೆಗೆ ರಕ್ತಕ್ಕೆ ಸೇರೋದು ತೀರಾ ಸ್ವಲ್ಪ. ನಿಂಬೆರಸ ಹಿಂಡಿದ್ರೆ ಜಾಸ್ತಿ ಉಳಿಯುತ್ತೆ ಅಂತ 2007ರಲ್ಲಿ ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಯವರು ಲ್ಯಾಬಲ್ಲೇ ಜೀರ್ಣಕ್ರಿಯೆ ತರ ಮಾಡಿ ತೋರಿಸಿದ್ರು. ಇನ್ನು ಡಿಕ್ಯಾಫ್ ಮಾಡೋವಾಗ ಈಥೈಲ್ ಅಸಿಟೇಟ್ ಅನ್ನೋ ದ್ರಾವಕ ಬಳಸಿದ್ರೆ ಕೆಫೀನ್ ಜೊತೆ ಕ್ಯಾಟೆಕಿನ್ನೂ ಸುಮಾರು ಹೋಗ್ಬಿಡುತ್ತೆ, ಕಾರ್ಬನ್ ಡೈಆಕ್ಸೈಡ್ ವಿಧಾನ ವಾಸಿ. ಅಂದ್ರೆ ಯಾವುದು ಬೇಕು ಅಂತ ದುಡ್ಡು ಕೊಟ್ರೋ ಅದೇ ಕಮ್ಮಿ ಇರ್ಬಹುದು! ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ ಅನ್ನೋರು ಡಿಕ್ಯಾಫ್ ಕುಡೀಲಿ, ಅದು ಸರಿಯಾದ ಕಾರಣ, ಕುಡಿದ ಕೆಫೀನ್ ಅರ್ಧಕ್ಕೆ ಇಳಿಯೋಕೇ ಸುಮಾರು 5 ಗಂಟೆ ಬೇಕು.

ನನಗೆ ನಿಜವಾಗ್ಲೂ ಚಿಂತೆ ಇರೋದು ಕಬ್ಬಿಣದ ಬಗ್ಗೆ. ಕ್ಯಾಟೆಕಿನ್ ತರದ ಯಾವ ಪಾಲಿಫಿನಾಲ್‌ನ ಆಂಟಿಆಕ್ಸಿಡೆಂಟ್ ಅಂತ ಹೊಗಳ್ತೀವೋ ಅದೇ ರಾಗಿ, ಸೊಪ್ಪು, ಕಾಳಲ್ಲಿರೋ ಕಬ್ಬಿಣನ ಕರುಳಲ್ಲಿ ಕಟ್ಟಿಹಾಕುತ್ತೆ, ಡಿಕ್ಯಾಫ್ ಆದ್ರೂ ಅಷ್ಟೇ. ನಮ್ಮ ಹೆಣ್ಮಕ್ಕಳು ಬೆಳಗ್ಗೆ ಉಪ್ಪಿಟ್ಟಿನ ಜೊತೆಗೇ ಟೀ, ಅದೇ ಟೀಲಿ ಐರನ್ ಮಾತ್ರೆನೂ ನುಂಗ್ತಾರೆ, ನಮ್ಮತ್ತಿಗೆ ಬಸುರಿ ಇದ್ದಾಗ ಹಾಗೇ ಮಾಡ್ತಿದ್ರು. ಒಂದು ದಿನ ಆ ಮಾತ್ರೆ ಕುಟ್ಟಿ ಪುಡಿ ಮಾಡಿ ಹಾಲು ಹಾಕದ ಟೀಗೆ ಉದುರಿಸಿ ತೋರಿಸ್ದೆ, ಕೆಂಪಗಿದ್ದ ಟೀ ಶಾಯಿ ತರ ಕಪ್ಪಾಯ್ತು. ಅತ್ತಿಗೆ ಲೋಟ ಕೈಗೆ ತಗೊಂಡು ಬೆಳಕಿಗೆ ಹಿಡಿದು ನೋಡಿದ್ರು, "ಅಯ್ಯೋ, ಹೊಟ್ಟೇಲೂ ಹಿಂಗೇ ಆಗುತ್ತಾ?" ಅಂದ್ರು. ಟೀಲಿರೋದು ಕಬ್ಬಿಣನ ಹಿಡ್ಕೊಳ್ಳೋದಂತೂ ನಿಜ ಅಂದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ. ಟೀ ಬಿಡಿ ಅಂತ ಯಾರಿಗೂ ಹೇಳ್ತಿಲ್ಲ ರೀ, ತಿಂಡಿ ಆಗಿ ಒಂದು ಗಂಟೆ ಬಿಟ್ಟು ಕುಡೀರಿ, ಮಾತ್ರೆ ನಿಂಬೆ ಪಾನಕದ ಜೊತೆ ತಗೊಳ್ಳಿ. ಮಾತ್ರೆ ಕೈಗೆ ಕೊಡೋರು ಕೂಡ "ಟೀ ಜೊತೆ ಬೇಡಮ್ಮ" ಅಂತ ಪ್ರತಿ ಸಲ ಬಾಯಿಬಿಟ್ಟು ಹೇಳ್ಬೇಕು, ಬರೀ ಸ್ಟ್ರಿಪ್ ಹರಿದು ಕೊಟ್ಟು ಕಳಿಸಿದ್ರೆ ಸಾಲದು.