ಸ್ಕ್ಯಾನರ್ ಚುಚ್ಚೋದಕ್ಕೆ ಡಯಾಗ್ನೋಸಿಸ್ ಅಂತಾರಂತೆ!

ಭಾವನ ಕಾರಿನ ಸರ್ವಿಸ್ ಬಿಲ್ ನೋಡಿ ಈಗಷ್ಟೇ ಬಂದೆ. ತಲೆ ಕೆಟ್ಟಿದೆ, ಮಾತು ಖಾರ ಆದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಬೆಳಿಗ್ಗೆ ಗಾಡಿ ಒಂದೇ ಸೆಲ್ಫ್ ಹೊಡೆತಕ್ಕೆ ಸ್ಟಾರ್ಟ್. ಸಿಲ್ಕ್ ಬೋರ್ಡ್ ಜಾಮಲ್ಲಿ ನಿಂತು ಎಂಜಿನ್ ಕಾದಮೇಲೆ ಜರ್ಕ್ ಹೊಡೆದು ಆಫ್. ಆಮೇಲೆ ಸೆಲ್ಫ್ ಸುತ್ತುತ್ತೆ, ಎಂಜಿನ್ ಹತ್ಕೊಳ್ಳಲ್ಲ. ಬಾನೆಟ್ ಎತ್ತಿಟ್ಟು ತಣ್ಣಗಾದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಡುತ್ತೆ. ಸರ್ವಿಸ್ ಸೆಂಟರಿನ ಹುಡುಗ ಸ್ಕ್ಯಾನರ್ ಚುಚ್ಚಿದ, ಪಿ0340 ಅನ್ನೋ ಎರರ್ ಕೋಡ್ ಬಂತು, "ಕ್ಯಾಮ್ ಸೆನ್ಸರ್ ಹೋಗಿದೆ ಸಾರ್" ಅಂದ (ಎಂಜಿನ್ನಿನ ವಾಲ್ವ್ ತೆರೆಯೋ ಕ್ಯಾಮ್ ದಂಡ ಎಲ್ಲಿದೆ ಅಂತ ಹೇಳೋ ಸೆನ್ಸರ್), ಹೊಸದು ಹಾಕಿದ. ವಾರದೊಳಗೆ ಅದೇ ರೋಗ, ಅದೇ ಕೋಡು. ಈಗ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರನ್ನೇ ಬದಲಾಯಿಸಬೇಕಂತೆ!

ಪಿ0340 ಹೇಳೋದು ಸೆನ್ಸರಿನ ಸರ್ಕ್ಯೂಟಲ್ಲಿ ತೊಂದರೆ ಇದೆ ಅಂತ, ಅಷ್ಟೇ. ವೈರು, ಕನೆಕ್ಟರ್, ಗ್ರೌಂಡು (ಕರೆಂಟ್ ವಾಪಸ್ ಹೋಗೋ ದಾರಿ) ಎಲ್ಲಾ ಅದರಲ್ಲಿ ಬಂತು. ಕರೆಂಟ್ ಹೋದರೆ ಬಲ್ಬ್ ಬದಲಾಯಿಸೋ ಬುದ್ಧಿ ಇವರದು. ಆ ಕೋಡ್ ಓದೋಕೆ ಸರ್ವಿಸ್ ಸೆಂಟರೇ ಬೇಕಾ? ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಲ್ಲಿ ಸಿಗೋ ಬ್ಲೂಟೂತ್ ಡಾಂಗಲ್ಲೂ ಓದುತ್ತೆ.

ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕ್ ದಂಡ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಪಿಸ್ಟನ್ ಮೇಲೆ ಬಂತು ಅಂತ ಕ್ರ್ಯಾಂಕ್ ಸೆನ್ಸರ್ ಹೇಳುತ್ತೆ. ಬಂದಿದ್ದು ಗಾಳಿ ಒತ್ತೋ ಕಂಪ್ರೆಷನ್‌ಗೋ ಹೊಗೆ ಹೊರಹಾಕೋ ಎಕ್ಸಾಸ್ಟ್‌ಗೋ ಅನ್ನೋದು ಇಸಿಯುಗೆ ಗೊತ್ತಾಗೋದು ಕ್ಯಾಮ್ ಸೆನ್ಸರಿಂದ. ಆ ಸಿಗ್ನಲ್ ತಪ್ಪಿದರೆ ಕೆಲವು ಗಾಡಿ ತಡಕಾಡಿ ಸ್ಟಾರ್ಟ್ ಆಗುತ್ತೆ, ಕೆಲವು ಆಗೋದೇ ಇಲ್ಲ. ಕ್ರ್ಯಾಂಕ್ ಸೆನ್ಸರ್ ಕೆಟ್ಟರೂ ಲಕ್ಷಣ ಹೆಚ್ಚುಕಮ್ಮಿ ಇದೇ. ಕ್ರ್ಯಾಂಕನ್ನೂ ಕ್ಯಾಮನ್ನೂ ಜೋಡಿಸೋ ಟೈಮಿಂಗ್ ಚೈನ್ ಸಡಿಲ ಆದರೂ ಕ್ಯಾಮ್ ಕೋಡ್ ಬರಬಹುದು. ಅದಕ್ಕೇ ಅಲ್ವಾ ಪರೀಕ್ಷೆ ಮಾಡಬೇಕಾಗಿರೋದು?

ನನ್ನ ಹಳೇ ಗ್ಯಾರೇಜ್ ದಿನಗಳ ಪುರಾಣ ಇಲ್ಲಿ ಕೊರೆಯಲ್ಲ. ಮಲ್ಟಿಮೀಟರ್ ತಗೊಂಡು ಹೋದೆ. ಈ ಸೆನ್ಸರಿಗೆ ಮೂರು ವೈರು. ಕೀ ಆನ್ ಮಾಡಿದರೆ ಸಪ್ಲೈ 5 ವೋಲ್ಟ್ ಸರಿಯಾಗಿದೆ. ಗ್ರೌಂಡ್ ಮಾತ್ರ ವೈರ್ ಅಲ್ಲಾಡಿಸಿದಾಗೆಲ್ಲ ಮಾಯ. ಕನೆಕ್ಟರ್ ಕಿತ್ತರೆ ಒಳಗೆಲ್ಲ ಆಯಿಲ್, ಎಂಜಿನ್ ಮೇಲ್ಗಡೆ ಇರೋ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಲೀಕ್. ಪಿನ್ ಪಕ್ಕದಲ್ಲೇ ತಾಮ್ರದ ಎಳೆಗಳು ತುಂಡಾಗಿ, ವೈರು ಬರೀ ಮೇಲಿನ ಪ್ಲಾಸ್ಟಿಕ್ ಹಿಡ್ಕೊಂಡು ನಿಂತಿತ್ತು. ಬಿಸಿಯಾದಾಗ ಬಿಟ್ಕೊಳ್ಳೋದು, ತಣ್ಣಗಾದರೆ ಕೂಡ್ಕೊಳ್ಳೋದು. ಹೊಸ ಪಿನ್ನು, ಹೊಸ ಗ್ಯಾಸ್ಕೆಟ್ಟು, ಮುಗೀತು. (ಸುಳ್ಳು ಯಾಕೆ ಹೇಳಲಿ, ಭಾವನ ಮುಂದೆ ಹೀಗೆ ಮೀಟರ್ ಹಿಡಿದು ನಿಲ್ಲೋ ಚಾನ್ಸಿಗೆ ಅಕ್ಕನ ಮದುವೆಯಾದಾಗಿಂದ ಕಾಯ್ತಿದ್ದೆ.)

"ಒಂದೊಂದು ಗಾಡಿ ಮುಂದೆ ಗಂಟೆಗಟ್ಟಲೆ ಕೂತರೆ ಲೇಬರ್ ಯಾರು ಕೊಡ್ತಾರೆ, ಕಸ್ಟಮರ್‌ಗೆ ಸಂಜೆಗೇ ಗಾಡಿ ಬೇಕು" ಅಂತ ಯಾರಾದರೂ ಬರ್ತೀರ, ಗೊತ್ತು. ಸರಿ ಸ್ವಾಮಿ, ಹುಡುಗರ ಮೇಲೆ ಟಾರ್ಗೆಟ್ ಇರುತ್ತೆ. ಆದರೆ ಬಿಲ್ಲಲ್ಲಿ 'ಡಯಾಗ್ನೋಸಿಸ್ ಚಾರ್ಜ್' ಅಂತ ಒಂದು ಸಾಲಿದೆಯಲ್ಲ, ಅದು ಯಾವುದಕ್ಕೆ? ಕೇಬಲ್ ಚುಚ್ಚಿದ್ದಕ್ಕಾ, ಎಳೆದಿದ್ದಕ್ಕಾ?

ಮುಂದಿನ ಸಲ ಯಾರಾದರೂ ಸೆನ್ಸರ್ ಹೋಗಿದೆ ಅಂದರೆ, ಸಪ್ಲೈ ಎಷ್ಟು, ಗ್ರೌಂಡ್ ಇದೆಯಾ, ಸೆಲ್ಫ್ ಹೊಡೆದಾಗ ಸಿಗ್ನಲ್ ಬರುತ್ತಾ, ಇವು ಮೂರನ್ನೂ ಸರ್ವಿಸ್ ಸೆಂಟರಿನ ಜಾಬ್ ಕಾರ್ಡಲ್ಲಿ ಬರೆಸ್ಕೊಳ್ಳಿ. ಬಿಚ್ಚಿದ ಪಾರ್ಟ್ ಕೈಗೆ ಇಸ್ಕೊಳ್ಳಿ. ಭಾವನ ಹಳೇ ಸೆನ್ಸರ್ ಎಲ್ಲಪ್ಪಾ ಅಂತ ಫೋನ್ ಮಾಡಿ ಕೇಳಿದ್ದಕ್ಕೆ, "ಸ್ಕ್ರ್ಯಾಪಿಗೆ ಹೋಯ್ತು ಸಾರ್" ಅಂದರು.